ಎಂದರೆ ಸರಿಯಲ್ಲ

ಕೊತ್ತತ್ತಿ ಹೋಬಳಿ ಕೇಂದ್ರ. ಪಹಣಿ ಸಿಗುವ ಊರಲ್ಲಿ ದಾವೆಯೂ ಸಿಗುತ್ತದೆ. ಈ ಸೀಮೆಯ ಗದ್ದೆಗೆ ಬೆಲೆ ಬಂದ ಮೇಲಂತೂ ಬದುವಿನ ಎರಡು ಮೊಳಕ್ಕೂ ಅಣ್ಣತಮ್ಮಂದಿರು ಮಂಡ್ಯದ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಟೀ ಅಂಗಡಿಯಲ್ಲಿ ಕಬ್ಬಿನ ಬಿಲ್ಲಿನ ಮಾತು ಮುಗಿಯಿತೋ, ಮುಂದಿನದು ವಾಯಿದೆಯ ಮಾತು.

ಮೊನ್ನೆ ಅದು ಸುಳ್ಳು ಸಾಕ್ಷಿಯ ಕಡೆಗೆ ಹೊರಳಿತು. "ಅವ್ನು ಹೇಳಿದ್ದು ನಂಬೋ ಹಂಗಿಲ್ಲ ಅಂತ ತೀರ್ಪಲ್ಲೇ ಬರ್ದವ್ರೆ. ಆದ್ರೂ ಬೀಡಿ ಸೇದ್ಕಂಡು ಓಡಾಡ್ತಾವ್ನೆ. ಯಾಕಣ್ಣ ಒಳಗಾಕಲ್ಲ?" ಎಂದ ಒಬ್ಬ ಹುಡುಗ.

ಒಳಗೆ ಹಾಕಲು ಕಾನೂನೇನೋ ಇದೆ. ಏಳು ವರ್ಷದವರೆಗೆ ಶಿಕ್ಷೆ. ಆದರೆ ಸೋತವನು ಠಾಣೆಗೆ ಹೋಗಿ ದೂರು ಕೊಟ್ಟರೆ ನಡೆಯುವುದಿಲ್ಲ. ಸುಳ್ಳನ್ನು ಕೇಳಿಸಿಕೊಂಡ ನ್ಯಾಯಾಲಯವೇ ದೂರುದಾರನಾಗಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 340ನೇ ಕಲಮು, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 379. ನಾವು ಅರ್ಜಿ ಕೊಟ್ಟು ಕಾಯಬಹುದು, ಅಷ್ಟೆ. ಬೇಕೆಂದೇ ಸುಳ್ಳು ಹೇಳಿರಬೇಕು, ಶಿಕ್ಷೆಯಾಗುವ ಸಂಭವವೂ ಇರಬೇಕು, ಆಗ ಮಾತ್ರ ಮೊಕದ್ದಮೆ ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ತಪ್ಪೇನೂ ಇಲ್ಲ, ಇಲ್ಲದಿದ್ದರೆ ಗೆದ್ದವರೆಲ್ಲ ಸೋತವರ ಸಾಕ್ಷಿಗಳನ್ನು ಜೈಲಿಗಟ್ಟಲು ಹೊರಡುತ್ತಿದ್ದರು.

ಇನ್ನು ಬೇಕೆಂದೇ ಹೇಳಿದ್ದು ಎಂದು ತೋರಿಸುವುದು ಹೇಗೆ? ಸಾಕ್ಷಿಯ ಮುಖ್ಯ ವಿಚಾರಣೆ ಈಗ ಪ್ರಮಾಣಪತ್ರದಲ್ಲೇ ಮುಗಿಯುತ್ತದೆ. ವಕೀಲರ ಆಫೀಸಿನಲ್ಲಿ ಟೈಪಾಗುತ್ತದೆ, ನಮ್ಮವನು ರುಜು ಹಾಕುತ್ತಾನೆ. ಪಾಟೀ ಸವಾಲಿನಲ್ಲಿ ಚೆಕ್ಕುಬಂದಿ ಕೇಳಿದರೆ ಪೂರ್ವಕ್ಕಿರುವ ನಾಲೆಯನ್ನು ಪಶ್ಚಿಮಕ್ಕೆ ಹರಿಸುತ್ತಾನೆ. ಇಸವಿ ಕೇಳಿದರೆ "ನೆನಪಿಲ್ಲ ಸ್ವಾಮಿ". ಕೊನೆಗೆ ಎದುರು ವಕೀಲರು ಕೇಳಿಯೇ ಕೇಳುವ ಪ್ರಶ್ನೆಗೆ ಉತ್ತರ ಹೀಗೆ ದಾಖಲಾಗುತ್ತದೆ: "ವಾದಿಗೆ ಸಹಾಯ ಮಾಡಲು ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ನಿಜ ಹೇಳಿದವನ ಹೇಳಿಕೆಯೂ ಇದೇ ಸಾಲಿಗೆ ಬಂದು ನಿಲ್ಲುತ್ತದೆ. ಮರೆತವನು ಯಾರು, ಮರೆತಂತೆ ನಟಿಸಿದವನು ಯಾರು? ಸಾಲದ್ದಕ್ಕೆ ಆ ಸಾಕ್ಷಿ ವಾದಿಯ ಷಡ್ಡಕನೂ ಆಗಿರುತ್ತಾನೆ. ಅವನ ಪಾಲಿಗೆ ಅದು ಅಪರಾಧವೇ ಅಲ್ಲ, ಮದುವೆ ಮನೆಗೆ ಮುಯ್ಯಿ ಹಾಕಿದಷ್ಟೇ ಸಹಜ. ಅದೇ ಮನುಷ್ಯನನ್ನು ಮಾದಪ್ಪನ ಮೇಲೆ ಆಣೆಯಿಟ್ಟು ಕರ್ಪೂರ ಆರಿಸು ಅನ್ನಿ, ಟವೆಲ್ ಕೊಡವಿ ಎದ್ದು ಹೋಗುತ್ತಾನೆ. ಮಾದಪ್ಪ 340ನೇ ಕಲಮಿಗೆ ಕಾಯುವವನಲ್ಲವಲ್ಲ!

ದೊಡ್ಡವರ ವಿಷಯಕ್ಕೆ ಬಂದರೆ ಇನ್ನೂ ಸೋಜಿಗ. ಇಂಗ್ಲೆಂಡಿನ ಕಾದಂಬರಿಕಾರ, ರಾಜಕಾರಣಿ ಜೆಫ್ರಿ ಆರ್ಚರ್ 1987ರಲ್ಲಿ ಪತ್ರಿಕೆಯೊಂದರ ಮೇಲೆ ಮಾನನಷ್ಟ ದಾವೆ ಗೆದ್ದು 5 ಲಕ್ಷ ಪೌಂಡ್ ಎಣಿಸಿಕೊಂಡರು. ತನ್ನ ಪರ ಸುಳ್ಳು ಹೇಳುವಂತೆ ಆರ್ಚರ್ ಕೇಳಿಕೊಂಡಿದ್ದರೆಂದು 1999ರಲ್ಲಿ ಗೆಳೆಯನೇ ಬಾಯಿಬಿಟ್ಟ. ನಾಲ್ಕು ವರ್ಷದ ಜೈಲು ಶಿಕ್ಷೆಯಾಗಿದ್ದು 2001ರಲ್ಲಿ. ಗೆಳೆತನ ಗಟ್ಟಿಯಾಗಿದ್ದಿದ್ದರೆ?

ನಮ್ಮಲ್ಲೂ ಒಂದಿದೆ. ಬೆಂಗಳೂರು–ಮೈಸೂರು ಕಾರಿಡಾರ್, ಜನ ನೈಸ್ ರಸ್ತೆ ಅನ್ನುತ್ತಾರಲ್ಲ, ಆ ವ್ಯಾಜ್ಯದಲ್ಲಿ 2005ರಲ್ಲಿ ನಮ್ಮ ಹೈಕೋರ್ಟ್ ಸರ್ಕಾರದ ಹಿರಿಯ ಅಧಿಕಾರಿಗಳ ಮೇಲೇ ಸುಳ್ಳು ಪ್ರಮಾಣಪತ್ರಕ್ಕಾಗಿ ಮೊಕದ್ದಮೆ ಹೂಡಲು ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ 2006ರಲ್ಲಿ ಸೋತು, 5 ಲಕ್ಷ ರೂಪಾಯಿ ಖರ್ಚು ತೆರಬೇಕಾಯಿತು. (ಆ ರಸ್ತೆ ಮಂಡ್ಯ ಮುಟ್ಟಲೇ ಇಲ್ಲ. ಈಗ ನಾವು ಟೋಲ್ ಕಟ್ಟಿ ಓಡಾಡುವುದು ಬೇರೆ.) ಅಂಥ ಆದೇಶ ಬರುವುದೇ ಅಪರೂಪ, ಅದಕ್ಕೇ ಇಷ್ಟು ವರ್ಷವಾದರೂ ನೆನಪಿದೆ.

ನನ್ನ ಮಟ್ಟಿಗೆ ತೊಡಕಿರುವುದು ಶಿಕ್ಷೆ ಸಾಲದು ಎಂಬಲ್ಲಲ್ಲ. ಸುಳ್ಳನ್ನು ಕಣ್ಣಾರೆ ಕಂಡ ನ್ಯಾಯಾಧೀಶರೇ ಅಲ್ಲೇ ಇತ್ಯರ್ಥ ಮಾಡಿದರೆ ಅರ್ಧ ಸಾಕ್ಷಿಗಳು ಕಟಕಟೆ ಹತ್ತುವ ಮುಂಚೆ ಯೋಚಿಸುತ್ತಾರೆ. ಹಾಗೆ ಚುಟುಕಾಗಿ ವಿಚಾರಿಸಿ ಮೂರು ತಿಂಗಳವರೆಗೆ ಜೈಲಿಗೆ ಕಳಿಸುವ ಕಲಮು ಹಳೆಯ ಸಂಹಿತೆಯಲ್ಲೇ ಇತ್ತು, 344. ಆದರೆ ಅದು ಸೆಷನ್ಸ್ ನ್ಯಾಯಾಲಯಕ್ಕೆ, ಮೊದಲ ದರ್ಜೆ ಮ್ಯಾಜಿಸ್ಟ್ರೇಟರಿಗೆ ಮಾತ್ರ. ಜಮೀನಿನ ದಾವೆ ಕೇಳುವ ಸಿವಿಲ್ ನ್ಯಾಯಾಧೀಶರ ಕೈಯಲ್ಲಿ ಅದಿಲ್ಲ. ಹೊಸ ಸಂಹಿತೆ ಬಂದಾಗ ಕಲಮಿನ ನಂಬರು ಬದಲಾಯಿತು, ದಂಡ 500 ರೂಪಾಯಿಂದ 1000ಕ್ಕೆ ಏರಿತು. ಸಿವಿಲ್ ನ್ಯಾಯಾಧೀಶರನ್ನು ಮಾತ್ರ ಸೇರಿಸಲಿಲ್ಲ.