ಅಜ್ಜಿಯ ದನಿ ಜಾಲತಾಣಕ್ಕೆ



ನಿಮ್ಮಲ್ಲಿ ಅನೇಕರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಮಾತನಾಡಲೂ ಬರುತ್ತದೆ. ಓದುವುದು ಮಾತ್ರ ತುಸು ಕಷ್ಟ. ಈ ಲೇಖನವನ್ನೂ ನಿಮ್ಮ ತಂದೆಯೋ ತಾಯಿಯೋ ಓದಿ ಹೇಳುತ್ತಿರಬಹುದು. ವಿಜಯವಾಡದಂಥ ಊರಿನಲ್ಲಿ ತೆಲುಗು, ಇಂಗ್ಲಿಷ್ ಕಲಿತು ಬೆಳೆದವರಿಗೆ ಇದು ಸಹಜ, ನಾಚಿಕೆಪಡುವಂಥದ್ದೇನಿಲ್ಲ. ಆದರೆ ನಿಮ್ಮ ಪಾಲಿನ ಕನ್ನಡ ಪುಸ್ತಕಕ್ಕಿಂತ ಹೆಚ್ಚಾಗಿ ದನಿಯಲ್ಲಿದೆ. ಆ ದನಿ ಇಂದು ನಮ್ಮ ಮನೆಗಳ ಅಟ್ಟದ ಮೇಲೆ, ಹಳೆಯ ಕ್ಯಾಸೆಟ್ಟುಗಳಲ್ಲಿ ಕುಳಿತಿದೆ. ಅದನ್ನು ಜಾಲತಾಣಕ್ಕೆ ಏರಿಸುವಾಗ ಏನನ್ನು ಉಳಿಸಬೇಕು, ಏನನ್ನು ಬಿಡಬಹುದು ಎಂಬ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳುವ ಆಸೆ ನನ್ನದು.

ನನ್ನ ಅವ್ವ ರಾಯಚೂರು ಜಿಲ್ಲೆಯ ಕೃಷ್ಣಾ ತೀರದ ಹಳ್ಳಿಯವಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಇಲ್ಲಿ ಬೆಂಜ್ ಸರ್ಕಲ್ ಹತ್ತಿರ ಮನೆ ಮಾಡಿದ ಮೇಲೆ, ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಂದ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಅವುಗಳಲ್ಲಿ 1991ರ ಒಂದೇ ಒಂದು ಕ್ಯಾಸೆಟ್ಟು ಉಳಿದಿದೆ. 60 ನಿಮಿಷದ್ದು. ಮಳೆಯ ಸುದ್ದಿ, ಶೇಂಗಾ ಬೆಳೆಯ ಸುದ್ದಿ, ನೆಂಟರ ಜಗಳ, ನಡುನಡುವೆ ಎತ್ತಿನ ಕೊರಳ ಗಂಟೆ. ಅವ್ವ ಈಗಿಲ್ಲ. ದೂರದೂರುಗಳಲ್ಲಿರುವ ಮೊಮ್ಮಕ್ಕಳೆಲ್ಲ ಕೇಳಲಿ ಎಂದು ನನ್ನ ಮಗಳು ಅದನ್ನು ಕಂಪ್ಯೂಟರಿಗೆ ಇಳಿಸಲು ಕುಳಿತಳು.

ಮೊದಲ ತೊಡಕು ಗಾತ್ರದ್ದು. ಸಿ.ಡಿ. ಗುಣಮಟ್ಟದಲ್ಲಿ ಮುದ್ರಿಸಿದರೆ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆಯಲಾಗುತ್ತದೆ. ಎರಡು ವಾಹಿನಿಗಳ ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್. ಅಂದರೆ ಅವ್ವನ ಒಂದು ಗಂಟೆಗೆ 600ಕ್ಕೂ ಹೆಚ್ಚು ಮೆಗಾಬೈಟ್. ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಕೇಳುವವರಿಗೆ ಇದು ಆಗದ ಮಾತು.

ಇಲ್ಲಿ ನಮ್ಮೂರಿನ ಪ್ರಕಾಶಂ ಬ್ಯಾರೇಜನ್ನು ನೆನೆಯಿರಿ. ಅವ್ವನ ಹಳ್ಳಿಯ ಪಕ್ಕ ಹರಿಯುವ ಕೃಷ್ಣೆಯೇ ಇಲ್ಲಿ ನಿಂತು, ಏಲೂರು ಕಾಲುವೆ, ಬಂದರು ಕಾಲುವೆಗಳಾಗಿ ಊರೊಳಗೆ ಹರಿಯುತ್ತಾಳೆ. ಇರುವ ನೀರನ್ನೆಲ್ಲ ಒಂದೇ ಕಾಲುವೆಗೆ ಬಿಡುವವರುಂಟೇ? ಕಾಲುವೆಗೆ ಎಷ್ಟು ತಾಳುತ್ತದೋ ಅಷ್ಟೇ ಬಿಡುತ್ತಾರೆ. ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯಬೇಕೆಂಬ ಈ ಲೆಕ್ಕಕ್ಕೇ ಬಿಟ್ ರೇಟ್ ಎನ್ನುವುದು. ಹಾಗೆಂದು ಬ್ಯಾರೇಜನ್ನು ಯಾರೂ ಬರಿದು ಮಾಡುವುದಿಲ್ಲ. ಅದರಂತೆ, ಕುಗ್ಗಿಸದ ವೇವ್ ಅಥವಾ ಫ್ಲ್ಯಾಕ್ ಕಡತವೊಂದು ಮನೆಯಲ್ಲಿ ಇರಲೇಬೇಕು, ಅದೂ ಎರಡು ಬೇರೆ ಬೇರೆ ಕಡೆ. ಫ್ಲ್ಯಾಕ್ ಏನನ್ನೂ ಕಳೆಯದೆ ಗಾತ್ರವನ್ನಷ್ಟೇ ಇಳಿಸುತ್ತದೆ. ಜಾಲತಾಣಕ್ಕೆ ಹೋಗುವುದು ಅದರಿಂದ ತೆಗೆದ ಚಿಕ್ಕ ಪ್ರತಿ.

ಚಿಕ್ಕದಾಗುವುದು ಹೇಗೆ? ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ರೂಪಿಸಿದ ವಿಧಾನಕ್ಕೆ 1995ರಲ್ಲಿ ಎಂ.ಪಿ.3 ಎಂಬ ಹೆಸರು ಬಂತು. ಡೊಳ್ಳು ಬಡಿಯುವಾಗ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲವಷ್ಟೇ? ಹಾಗೆ ಕಿವಿಗೆ ಹೇಗೂ ಬೀಳದ ಸದ್ದುಗಳನ್ನು ಅದು ಎಸೆದುಬಿಡುತ್ತದೆ. ಎಸೆದದ್ದು ಮತ್ತೆ ಬರುವುದಿಲ್ಲ. ಆದ್ದರಿಂದ ಒಮ್ಮೆ ಕುಗ್ಗಿಸಿದ ಕಡತವನ್ನು ಮತ್ತೆ ಕುಗ್ಗಿಸಬೇಡಿ. ಪ್ರತಿ ಸಲವೂ ಮೂಲದಿಂದಲೇ ತೆಗೆಯಿರಿ.

ಮಗಳು ಮೂರು ಪ್ರತಿ ಮಾಡಿದಳು: 128, 64 ಮತ್ತು 16 ಕಿಲೋಬಿಟ್. ಮೂರೂ ಒಂದೇ ವಾಹಿನಿಯ ಮೋನೋ, ಏಕೆಂದರೆ ಒಬ್ಬರ ಮಾತಿಗೆ ಸ್ಟೀರಿಯೋ ಬೇಕಿಲ್ಲ. ಗಾತ್ರ ಕ್ರಮವಾಗಿ ಸುಮಾರು 58, 29 ಮತ್ತು 7 ಮೆಗಾಬೈಟ್. ನಾನು 16ರದನ್ನು ಕೇಳಿ, "ಇದೇ ಸಾಕಲ್ಲಮ್ಮ, ಎಲ್ಲ ತಿಳಿಯುತ್ತೆ" ಎಂದೆ. ಅವಳು ಹುಬ್ಬು ಗಂಟಿಕ್ಕಿ ಕೇಳಿದಳು: "ಅಪ್ಪಾ, ಅಜ್ಜಿ 'ಹೇಂಗಾ' ಅಂತಾರಲ್ಲ, ಏನದು?"

ಅವ್ವ ಹೇಳಿದ್ದು ಶೇಂಗಾ. ಸ, ಶ ಮೊದಲಾದ ಅಕ್ಷರಗಳ ಸದ್ದಿನ ಹೆಚ್ಚಿನ ಪಾಲು ಎತ್ತರದ ಕಂಪನಗಳಲ್ಲಿರುತ್ತದೆ. ಸಕಾರದ್ದಂತೂ ಸೆಕೆಂಡಿಗೆ 4,000ಕ್ಕೂ ಮೇಲೆ. ಬಿಟ್ ರೇಟ್ ತೀರ ಇಳಿಸಿದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ. ಆ ಮಾತು ನನಗೆ ಮೊದಲೇ ಗೊತ್ತಿದ್ದರಿಂದ, ಬಿಟ್ಟುಹೋದ ಅಕ್ಷರವನ್ನು ನನ್ನ ಕಿವಿ ತಾನೇ ತುಂಬಿಕೊಂಡಿತು. ನೆಲಗಡಲೆಗೆ ತೆಲುಗಿನ ಹೆಸರನ್ನಷ್ಟೇ ಬಲ್ಲ ಮಗಳಿಗೆ ಹಾಗೆ ತುಂಬಿಕೊಳ್ಳಲು ಏನೂ ಇರಲಿಲ್ಲ. 64ರ ಪ್ರತಿ ಹಾಕಿದಾಗ ಶೇಂಗಾ ಸ್ಪಷ್ಟವಾಗಿ ಕೇಳಿಸಿತು, ಅದನ್ನೇ ಆರಿಸಿದೆವು.

ಗೆಳೆಯರೇ, ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ. ಈ ಕೆಲಸದಲ್ಲಿ ಪರೀಕ್ಷಕರು ನೀವೇ, ನಾವಲ್ಲ. ಹಿರಿಯರು "ಚೆನ್ನಾಗಿದೆ" ಎಂದರೆ ನಂಬಬೇಡಿ. ನಮಗೆ ಅರ್ಧ ಕೇಳಿದರೂ ಪೂರ್ತಿ ತಿಳಿಯುತ್ತದೆ. ಗೊತ್ತಿಲ್ಲದ ಕನ್ನಡ ಪದವೊಂದು ನಿಮ್ಮ ಕಿವಿಗೆ ಅಕ್ಷರ ಅಕ್ಷರವಾಗಿ ಬೀಳುವಷ್ಟು ಬಿಟ್ ರೇಟ್ ಇಡಿ. ಗೊರಗೊರ ಸದ್ದು ತೆಗೆಯುವ ಸಲಕರಣೆಯನ್ನೂ ಹಿತಮಿತವಾಗಿ ಬಳಸಿ. ಜೋರು ಮಾಡಿದರೆ ಎತ್ತಿನ ಗಂಟೆಯ ಜೊತೆ ಶಕಾರವೂ ಹೋಗುತ್ತದೆ.

ಸಂಘದ ರಾಜ್ಯೋತ್ಸವದ ಹಳೆಯ ವಿಡಿಯೋಗಳಿಗೂ ಇದೇ ನೀತಿ. ಹಳೆಯ ವಿ.ಎಚ್.ಎಸ್. ಚಿತ್ರ ಅಗಲ 4, ಎತ್ತರ 3ರ ಅಳತೆಯದು. ಈಗಿನ ಪರದೆ ತುಂಬಲೆಂದು ಎಳೆದರೆ ಕುಣಿಯುವ ಮಕ್ಕಳೆಲ್ಲ ಗುಂಡಗಾಗುತ್ತಾರೆ. ಅಳತೆ ಹಾಗೇ ಇರಲಿ. ಕೈಕಾಲು ಆಡಿಸಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಡಿಇಂಟರ್‌ಲೇಸ್ ಎಂಬ ಆಯ್ಕೆಯನ್ನು ಒತ್ತಿ. ಮೊಬೈಲಿನಲ್ಲಿ ತೆಗೆದದ್ದಾದರೆ, 2003ರಲ್ಲಿ ಬಂದ ಎಚ್.264 ಪದ್ಧತಿಯಲ್ಲಿ, 720 ಗೆರೆಗಳ ಎತ್ತರಕ್ಕಿಳಿಸಿ, ಸೆಕೆಂಡಿಗೆ 15 ಲಕ್ಷ ಬಿಟ್ ಕೊಟ್ಟರೆ ನಿಮಿಷಕ್ಕೆ ಸುಮಾರು 11 ಮೆಗಾಬೈಟ್ ಆಗುತ್ತದೆ. ಭಾಷಣಕ್ಕೆ ಇದು ಧಾರಾಳ. ಕೋಲಾಟಕ್ಕೆ ಇನ್ನಷ್ಟು ಬೇಕು, ಏಕೆಂದರೆ ಚಲನೆ ಹೆಚ್ಚಿದಷ್ಟೂ ಬಿಟ್ ಹೆಚ್ಚು ಬೇಡುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಜಾಲತಾಣಕ್ಕೆಂದೇ ಒಂದು ಆಯ್ಕೆಯಿದೆ. ಅದು ಕಡತದ ಸೂಚಿಯನ್ನು ಮುಂದಕ್ಕೆ ತರುವುದರಿಂದ, ಪೂರ್ತಿ ಇಳಿಯುವ ಮೊದಲೇ ಚಿತ್ರ ಓಡತೊಡಗುತ್ತದೆ. ಧ್ವನಿಗೆ ಆಡಾಸಿಟಿ ಸಾಕು, ಅದೂ ಉಚಿತ.

ಅಂಗಡಿಯಲ್ಲಿ ಕೊಂಡ ಭಾವಗೀತೆ, ಸಿನಿಮಾ ಕ್ಯಾಸೆಟ್ಟುಗಳನ್ನು ಮಾತ್ರ ಜಾಲತಾಣಕ್ಕೆ ಏರಿಸಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಮನೆಯವರ ದನಿಯಾದರೂ, ಅದರಲ್ಲಿ ನೆಂಟರ ಜಗಳವಿದ್ದರೆ ಆ ಭಾಗವನ್ನು ಜಾಲತಾಣದ ಪ್ರತಿಯಿಂದ ತೆಗೆಯುವುದು ಮರ್ಯಾದೆ. ನಾವೂ ಹಾಗೇ ಮಾಡಿದೆವು.

ಕೊನೆಗೆ ಒಂದು ಮಾತು. 60 ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು 60 ನಿಮಿಷವೇ ಬೇಕು. ಆ ಒಂದು ಗಂಟೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಾತಾಡುತ್ತಿರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ ಬರೆದುಕೊಂಡು, ಕಡತದ ಹೆಸರಿನಲ್ಲೇ ಸೇರಿಸಿ. ತಿಳಿಯದ ಪದಗಳ ಅರ್ಥವನ್ನೂ ಆಗಲೇ ಕೇಳಿ. ಟೇಪು ಇನ್ನೂ ಕೆಲವು ವರ್ಷ ಬಾಳೀತು. ಅದರೊಳಗಿನ ದನಿಗಳ ಗುರುತು ಹಿಡಿಯಬಲ್ಲವರಿಗೆ ವಯಸ್ಸಾಗುತ್ತಿದೆ. ಬರುವ ಭಾನುವಾರವೇ ಅಟ್ಟ ಹತ್ತಿ ನೋಡಿರಿ.