ಸರ್ವರ್ ಇಲ್ಲೆ ಮಾರಾಯ್ರೆ

ಕುಂದಾಪುರ, ಬೈಂದೂರು, ಬ್ರಹ್ಮಾವರ, ಎಲ್ಲಿಗೇ ಹೋಗಿ, ರೇಷನ್ ಅಂಗಡಿಯಲ್ಲೋ ಕಚೇರಿಯ ಕೌಂಟರಿನಲ್ಲೋ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸರ್ವರ್ ಇಲ್ಲೆ ಮಾರಾಯ್ರೆ, ನಾಳೆ ಬನ್ನಿ." ಸಾಲಿನಲ್ಲಿದ್ದವರು ಗೊಣಗುತ್ತ ಚೀಲ ಮಡಚುತ್ತಾರೆ. ನನಗೆ ಮಾತ್ರ ಒಳಗೊಳಗೇ ಪತ್ತೇದಾರಿಕೆ ಶುರು. ಸರ್ವರ್ ನಿಜಕ್ಕೂ ಮಲಗಿದೆಯೋ, ದಾರಿಯಲ್ಲಿ ಕೇಬಲ್ ತುಂಡಾಗಿದೆಯೋ, ಎದುರಿನ ಯಂತ್ರದ ಸಿಮ್ಮಿಗೇ ಸಿಗ್ನಲ್ ಇಲ್ಲವೋ? ಅಪವಾದವಂತೂ ಸದಾ ಸರ್ವರ್ ತಲೆಗೆ.

ಈ ಹುಚ್ಚು ಹತ್ತಿದ್ದು ಮನೆಯಲ್ಲೇ ಒಂದು ಸರ್ವರ್ ಸಾಕತೊಡಗಿದ ಮೇಲೆ. ಹೆಸರಷ್ಟೇ ದೊಡ್ಡದು, ಇರುವುದು ಕೀಲಿಗಳು ಸವೆದ ಹಳೇ ಲ್ಯಾಪ್‌ಟಾಪ್. ಅದರಲ್ಲಿ ಲಿನಕ್ಸ್, ಜೊತೆಗೆ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಬಡಗುತಿಟ್ಟಿನ ಯಕ್ಷಗಾನದ ಆಟಗಳು. ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ಸಿಡಿಲಿನ ಸಂಜೆ ಮಾತ್ರ ಎದ್ದು ಹೋಗಿ ಕೇಬಲ್ ಕೀಳಲೇಬೇಕು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಒಂದೇ ಸಾಲಿನ ಕಮಾಂಡಿಗೆ ವೆಬ್ ಸರ್ವರ್ ಎದ್ದು, 8000ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುತ್ತದೆ. ಕೇಳದೆ ತಾನಾಗಿ ಏನೂ ಹೇಳದು. ಫೋನಿನ ಬ್ರೌಸರಿನಲ್ಲಿ ಅದರ ವಿಳಾಸ ಒತ್ತಿ ಲ್ಯಾಪ್‌ಟಾಪಿನ ಪರದೆ ನೋಡುತ್ತಿರಬೇಕು. ‘ಗೆಟ್’ ಎಂಬ ಕೋರಿಕೆಯ ಸಾಲು ಮೂಡುತ್ತದೆ, ತುದಿಯಲ್ಲಿ 200: ಕೇಳಿದ್ದು ಕೊಟ್ಟಾಯಿತು. ಬೆನ್ನಿಗೇ ಇನ್ನೊಂದು ಸಾಲು, 404: ಕೇಳಿದ್ದು ಇಲ್ಲಿಲ್ಲ. ನಾನು ಕೇಳಿದ್ದಲ್ಲ; ಪುಟದ ಪುಟಾಣಿ ಚಿಹ್ನೆ ಎಲ್ಲಿ ಎಂದು ಬ್ರೌಸರೇ ಅಧಿಕಪ್ರಸಂಗ ಮಾಡಿರುತ್ತದೆ. ಈ ಎರಡು ಸಾಲು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ.

ಅಮ್ಮ ಅಡುಗೆಮನೆಯಲ್ಲಿ, ಅಪ್ಪಯ್ಯ ಚಾವಡಿಯಲ್ಲಿ ಈ ಸರ್ವರಿನಿಂದ ಒಂದೇ ಪ್ರಸಂಗ ಹಾಕಿಕೊಂಡಿರುತ್ತಾರೆ. ಫೈಲ್ ಒಂದು, ಕ್ಲೈಂಟ್ ಎರಡು. ಯಾರು ಎಲ್ಲಿವರೆಗೆ ಕೇಳಿದರು ಎಂಬ ನೆಂಪು ವೆಬ್ಬಿನ ಮಾತುಕತೆಯ ನಿಯಮವಾದ ಎಚ್‌ಟಿಟಿಪಿಗಿಲ್ಲ. ಪ್ರತಿ ಕೋರಿಕೆಯೂ ಅದಕ್ಕೆ ಹೊಸಬರದೇ. ಗುರುತು ಬೇಕಾದವರು ಕುಕಿ ಎಂಬ ಗುರುತುಚೀಟಿ ಕೊಟ್ಟು ಕಳಿಸುತ್ತಾರೆ.

ಜಗತ್ತಿನ ಮೊದಲ ವೆಬ್ ಸರ್ವರ್ ಕೂಡ ಮೇಜಿನ ಮೇಲಿನ ಒಂದು ಕಂಪ್ಯೂಟರೇ. ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿ 1990ರಲ್ಲಿ ಅದನ್ನು ನಡೆಸಿದಾಗ, ಇದು ಸರ್ವರ್, ಆಫ್ ಮಾಡಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರು. ನಮ್ಮನೆಯದಕ್ಕೂ ಅಂಥದೊಂದು ಚೀಟಿ ಇದೆ. ಗುಡಿಸುವವರಿಗೆ ಅದರ ಪರಿವೆಯಿಲ್ಲ.

ಸರ್ವರ್ ಎಲ್ಲಿರಬೇಕು ಎಂಬುದು ಬೇರೆಯೇ ಸ್ವಾರಸ್ಯ. ‘ಭೂಮಿ’ ಯೋಜನೆಯ ಶುರುವಿನಲ್ಲಿ, 2001ರ ಸುಮಾರಿಗೆ, ಪಹಣಿ ಆಯಾ ತಾಲೂಕು ಕಚೇರಿಯ ಸರ್ವರಿನಲ್ಲಿತ್ತು, ಪ್ರತಿಗೆ 15 ರೂಪಾಯಿ. ಬೈಂದೂರು ಆಗಿನ್ನೂ ಕುಂದಾಪುರ ತಾಲೂಕು, ಬ್ರಹ್ಮಾವರ ಉಡುಪಿ ತಾಲೂಕು. ಬೈಂದೂರು ಬದಿಯ ಶಿರೂರಿನ ರೈತ ಕುಂದಾಪುರಕ್ಕೆ ಬಸ್ಸು ಹತ್ತಬೇಕಿತ್ತು. ಮುಂದೆ ದಾಖಲೆಗಳೆಲ್ಲ ಬೆಂಗಳೂರಿನ ಸರ್ವರ್ ಸೇರಿ, ಪಹಣಿ ಮನೆಯಲ್ಲೇ ತೆಗೆಯುವಂತಾಯಿತು. ಅಲ್ಲೇನಾದರೂ ಕೈಕೊಟ್ಟರೆ ಈಗ ಎಲ್ಲ ತಾಲೂಕೂ ಒಟ್ಟಿಗೇ ಕೂರಬೇಕು. ಆದರೂ ಬಸ್ಸಿಗಿಂತ ಇದೇ ಲೇಸು ಎಂಬುದು ನನ್ನ ಮತ.

ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುಂಚೆ ನೀವೂ ಒಂದು ಸರ್ವರ್ ಎಬ್ಬಿಸಿ ನೋಡಿ. ಮನೆಯ ವೈಫೈಯೊಳಗೇ ಇರಲಿ. ಪೈಥಾನಿನ ಈ ಪುಟ್ಟ ಸರ್ವರಿಗೆ ಬಾಗಿಲು ಕಾಯಲು ಬಾರದು, ಇಂಟರ್ನೆಟ್ಟಿಗೆ ತೆರೆದಿಡಬೇಡಿ.