ಜೋಡಿಗಳಿಗೆ ಜೋಕಾಲಿ, ಊರವರಿಗೆ ಹಾದಿ

ಮದುವೆಗೆ ಮುಂಚೆ ಗಂಡು-ಹೆಣ್ಣು ಜೊತೆಯಾಗಿ ಫೋಟೋ ತೆಗೆಸಿಕೊಳ್ಳುವ ರೂಢಿ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗೂ ಬಂತಲ್ಲ! ಅಂಥ ಫೋಟೋಗಳಿಗೆ ಹೆಸರಾದದ್ದು ಉಡುಪಿ ಹತ್ತಿರದ ಕೆಮ್ಮಣ್ಣಿನ ತೂಗುಸೇತುವೆ. ಉಕ್ಕಿನ ಹಗ್ಗಗಳಲ್ಲಿ ತೂಗುವ ಈ ಕಾಲುಹಾದಿ ಸ್ವರ್ಣಾ ನದಿ ದಾಟಿ ತಿಮ್ಮಣ್ಣ ಕುದ್ರು ಎಂಬ ನಡುಗಡ್ಡೆ ಸೇರುತ್ತದೆ. ಸುತ್ತ ತೆಂಗು, ಕೆಳಗೆ ನೀರು. ಹೆಜ್ಜೆಯಿಟ್ಟರೆ ಸಣ್ಣಗೆ ಜೋಕಾಲಿ. ಮದುಮಗಳು ಕೈ ಹಿಡಿಯಲಿಕ್ಕೆ ಬೇರೆ ನೆಪ ಬೇಕೇನು?

ಆದರೆ ಸೋದರಿ, ಇಂಥ ಸೇತುವೆ ಕಟ್ಟುವುದು ಫೋಟೋಕ್ಕಲ್ಲ. ಊರವರು ಮಳೆಗಾಲದಲ್ಲೂ ದೋಣಿಯ ಹಂಗಿಲ್ಲದೆ ಹೊಳೆ ದಾಟಲೆಂದು. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು.

ಪ್ರೀತಿಗೂ ತೂಕವುಂಟು! ಪ್ಯಾರಿಸ್ಸಿನ ಪೋಂ ದೇಜಾರ್ ಕಾಲುಸೇತುವೆಗೆ ಪ್ರೇಮಿಗಳು ಬೀಗ ಹಾಕಿ, ಕೀಲಿಯನ್ನು ಹೊಳೆಗೆ ಎಸೆಯುತ್ತಿದ್ದರು. 2014ರಲ್ಲಿ ಕಟಕಟೆಯ ಒಂದು ಭಾಗವೇ ಕುಸಿಯಿತು. 2015ರಲ್ಲಿ ತೆಗೆದ ಬೀಗಗಳು ಸುಮಾರು 45 ಟನ್. ಗುಜರಾತಿನ ಮೋರ್ಬಿಯಲ್ಲಂತೂ 2022ರಲ್ಲಿ ಜನ ತುಂಬಿದ್ದ ತೂಗುಸೇತುವೆ ಹರಿದುಬಿದ್ದು ನೂರಕ್ಕೂ ಹೆಚ್ಚು ಜೀವ ಹೋದವು.

ಹೋಗುವ ಮುಂಚೆ ಸೇತುವೆ ತೆರೆದಿದೆಯೇ ಅಂತ ವಿಚಾರಿಸಿಕೊಳ್ಳಿ. ಗುಂಪಾಗಿ ನಿಲ್ಲಬೇಡಿ, ಅಲುಗಾಡಿಸಬೇಡಿ, ಮಕ್ಕಳ ಕೈ ಬಿಡಬೇಡಿ. ಹೊರೆ ಹೊತ್ತು ಬರುವ ಊರ ಹೆಂಗಸಿಗೆ ಮೊದಲು ದಾರಿ ಬಿಡಿ. ಒಂದು ಫೋಟೋ ಕಡಿಮೆಯಾದ್ರೆ ಮದುವೆಯೇನೂ ನಿಲ್ಲೋದಿಲ್ಲ!